ಗೋಡೆಯ ಕೋವಿ, ಜೇಬಿನ ಪಿಸ್ತೂಲು



ತಿರುವನಂತಪುರಕ್ಕೆ ಬರುವ ಕನ್ನಡಿಗನ ಮೊದಲ ಹೆಜ್ಜೆ ಬೀಳುವುದು ತಂಪಾನೂರಿನಲ್ಲಿ. ಬೆಂಗಳೂರಿನಿಂದ ಹೊರಟ ಐಲ್ಯಾಂಡ್ ಎಕ್ಸ್‌ಪ್ರೆಸ್ ಆಗಲಿ, ಮಂಗಳೂರಿನಿಂದ ಹೊರಟ ಮಲಬಾರ್ ಎಕ್ಸ್‌ಪ್ರೆಸ್ ಆಗಲಿ, ಅವನನ್ನು ತಂದು ಇಳಿಸುವುದು ಇಲ್ಲಿಯೇ. ಎದುರಿಗೆ ಬಸ್ ನಿಲ್ದಾಣ, ಅದರ ಮಗ್ಗುಲಲ್ಲಿ ಲಾರಿ ಬೇಕರ್ ಅವರು ರೂಪಿಸಿದ ಸುರುಳಿಯಾಕಾರದ ಇಂಡಿಯನ್ ಕಾಫಿ ಹೌಸ್, ಸಮೀಪದಲ್ಲಿಯೇ ಸರ್ಕಾರಿ ಒಡೆತನದ ಕೈರಳಿ, ಶ್ರೀ, ನಿಳಾ ಎಂಬ ಚಿತ್ರಮಂದಿರಗಳು. ಉದ್ಯೋಗ, ವರ್ಗಾವಣೆ, ವ್ಯಾಪಾರಗಳ ನಿಮಿತ್ತ ಈ ನಗರಕ್ಕೆ ಬಂದು ನೆಲೆಸಿದ ನಮಗೆ ಇವೆಲ್ಲವೂ ದಿನನಿತ್ಯದ ದಾರಿಯ ಗುರುತುಗಳು. ಆದರೆ ಇದೇ ಚಿತ್ರಮಂದಿರಗಳಲ್ಲಿ 2019ರ ಜೂನ್ ತಿಂಗಳಲ್ಲಿ ನಡೆದ ಒಂದು ಪ್ರದರ್ಶನವು ಕನ್ನಡಿಗರಾದ ನಮಗೆ ಎಷ್ಟು ಹತ್ತಿರದ್ದೆಂಬುದನ್ನು ನಾವು ಇನ್ನೂ ಸರಿಯಾಗಿ ಆಲೋಚಿಸಿಲ್ಲವೆಂದು ತೋರುತ್ತದೆ.

ಕೇರಳ ರಾಜ್ಯ ಚಲಚ್ಚಿತ್ರ ಅಕಾಡೆಮಿಯು ನಡೆಸುವ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರ ಹಾಗೂ ಕಿರುಚಿತ್ರೋತ್ಸವದ ಹನ್ನೆರಡನೆಯ ವರ್ಷ ಅದು. 'ರಾಮ್ ಕೆ ನಾಮ್' ಚಿತ್ರದಿಂದ ದೇಶಕ್ಕೆಲ್ಲ ಪರಿಚಿತರಾದ ಆನಂದ ಪಟವರ್ಧನರ 'ವಿವೇಕ್' ಎಂಬ ಸುದೀರ್ಘ ಸಾಕ್ಷ್ಯಚಿತ್ರವನ್ನು ಅಕಾಡೆಮಿಯು ಆಯ್ಕೆಮಾಡಿತ್ತು. ಇಂಗ್ಲಿಷಿನಲ್ಲಿ 'ರೀಸನ್' ಎಂದು ಹೆಸರಾದ ಈ ಚಿತ್ರವು 2018ರ ನವೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಾಕ್ಷ್ಯಚಿತ್ರೋತ್ಸವದಲ್ಲಿ ಅತ್ಯುತ್ತಮ ಪೂರ್ಣಾವಧಿ ಸಾಕ್ಷ್ಯಚಿತ್ರವೆಂಬ ಮನ್ನಣೆಗೆ ಪಾತ್ರವಾಗಿತ್ತು. ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರವನ್ನು ಉತ್ಸವದಲ್ಲಿ ತೋರಿಸಬೇಕಾದರೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಅಗತ್ಯ. ಆ ವಿನಾಯಿತಿ ದೊರೆಯಲಿಲ್ಲ. ವಿಷಯವು ಕೇರಳದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನ್ಯಾಯಾಲಯದ ಅನುಮತಿಯ ಮೇರೆಗೆ ಚಿತ್ರವು ಉತ್ಸವದಲ್ಲಿ ಪ್ರದರ್ಶಿತವಾಯಿತು.

ಈ ಚಿತ್ರದ ಹಿನ್ನೆಲೆಯಲ್ಲಿರುವುದು ನಾಲ್ಕು ಕೊಲೆಗಳು. ನಾಲ್ಕೂ ಗುಂಡಿನಿಂದ ಆದವು. ಹತರಾದ ನಾಲ್ವರಲ್ಲಿ ಇಬ್ಬರು ಕನ್ನಡದವರು. ಧಾರವಾಡದ ಒಂದು ಮನೆಯ ಹೊಸ್ತಿಲು, ಬೆಂಗಳೂರಿನ ಒಂದು ಮನೆಯ ಗೇಟು ತಂಪಾನೂರಿನ ಪರದೆಯವರೆಗೆ ಬಂದುವು. ಅದನ್ನು ನೋಡುವುದಕ್ಕೆ ಮಲಯಾಳಿ ಯುವಜನರು ಗಂಟೆಗಟ್ಟಲೆ ಕುಳಿತರು. ಆ ಹೊಸ್ತಿಲಿನ ಭಾಷೆಯನ್ನು ಮಾತೃಭಾಷೆಯಾಗಿ ಉಳ್ಳ ನಾವು ಈ ವಿಷಯವನ್ನು ನಮ್ಮ ವೇದಿಕೆಗೆ ಇದುವರೆಗೂ ತಂದಿಲ್ಲ.

ಇತ್ತೀಚೆಗೆ ನಮ್ಮ ಸಂಘದ ಸಾಹಿತ್ಯ ಕೂಟದಲ್ಲಿ ಕೆಲವು ತರುಣ ಸದಸ್ಯರು ಒಂದು ಸಲಹೆಯನ್ನು ಮುಂದಿಟ್ಟರು. ವರ್ಷಕ್ಕೆ ಎರಡು ಬಾರಿಯಾದರೂ ಸಾಕ್ಷ್ಯಚಿತ್ರಗಳ ಪ್ರದರ್ಶನವನ್ನೂ ಚರ್ಚೆಯನ್ನೂ ಏರ್ಪಡಿಸಬೇಕು, ಮೊದಲ ವಿಷಯವಾಗಿ ಸಮಾಜದಲ್ಲಿ ಬಂದೂಕಿನ ಪಾತ್ರವನ್ನು ಆರಿಸಿಕೊಳ್ಳಬೇಕು ಎಂಬುದು ಆ ಸಲಹೆ. ಹಿರಿಯ ಸದಸ್ಯರಲ್ಲಿ ಹಲವರು ಎರಡು ಆಕ್ಷೇಪಗಳನ್ನು ಎತ್ತಿದರು. ಸಂಘವಿರುವುದು ಸಂಸ್ಕೃತಿಗಾಗಿ, ರಾಜಕಾರಣಕ್ಕಾಗಿ ಅಲ್ಲ ಎಂಬುದು ಮೊದಲನೆಯದು. ಪರಸ್ಥಳದಲ್ಲಿ ಒಗ್ಗಟ್ಟಾಗಿ ಬಾಳಬೇಕಾದ ನಾವು ವಿವಾದವನ್ನು ಮನೆಯೊಳಕ್ಕೆ ಏಕೆ ಕರೆದುಕೊಳ್ಳಬೇಕು ಎಂಬುದು ಎರಡನೆಯದು. ಎರಡೂ ಆಕ್ಷೇಪಗಳು ಸದುದ್ದೇಶದಿಂದ ಕೂಡಿದವು; ಎರಡಕ್ಕೂ ಗೌರವಯುತವಾದ ಉತ್ತರ ಸಲ್ಲಬೇಕು. ಈ ಸಂಪಾದಕೀಯವು ಅಂಥ ಒಂದು ಪ್ರಯತ್ನ.

ಮೊದಲು ಘಟನೆಗಳನ್ನು ನೆನಪಿಸಿಕೊಳ್ಳೋಣ. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ವಾಯುವಿಹಾರಕ್ಕೆ ಹೊರಟಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರು ಸೇತುವೆಯೊಂದರ ಮೇಲೆ ಗುಂಡಿಗೆ ಬಲಿಯಾದರು. ವೃತ್ತಿಯಿಂದ ವೈದ್ಯರಾಗಿದ್ದ ಅವರು ಮೂಢನಂಬಿಕೆಯ ನಿರ್ಮೂಲನಕ್ಕಾಗಿ ಮಹಾರಾಷ್ಟ್ರದಲ್ಲಿ ಸಂಘಟನೆ ಕಟ್ಟಿದವರು. 2015ರ ಫೆಬ್ರವರಿ 16ರಂದು ಕೊಲ್ಹಾಪುರದಲ್ಲಿ ಪತ್ನಿಯೊಡನೆ ವಾಯುವಿಹಾರ ಮುಗಿಸಿ ಮನೆಗೆ ಮರಳುತ್ತಿದ್ದ ಗೋವಿಂದ ಪಾನ್ಸರೆಯವರ ಮೇಲೆ ಗುಂಡು ಹಾರಿತು. ನಾಲ್ಕು ದಿನಗಳ ಬಳಿಕ ಅವರು ತೀರಿಕೊಂಡರು. ಶಿವಾಜಿ ಮಹಾರಾಜರನ್ನು ಕುರಿತು ಜನಸಾಮಾನ್ಯರಿಗಾಗಿ ಅವರು ಬರೆದ ಕಿರುಹೊತ್ತಗೆ ಕನ್ನಡಿಗರಿಗೂ ಅಪರಿಚಿತವಲ್ಲ. ಅದೇ ವರ್ಷ ಆಗಸ್ಟ್ 30, ಭಾನುವಾರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ತಮ್ಮ ಮನೆಯ ಬಾಗಿಲಲ್ಲಿಯೇ ಹತರಾದರು. ಆಗ ಅವರಿಗೆ 76 ವರ್ಷ. 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಕೆಲಸ ಮುಗಿಸಿ ಮನೆಗೆ ಹಿಂತಿರುಗಿದ ಪತ್ರಕರ್ತೆ ಗೌರಿ ಲಂಕೇಶರು ತಮ್ಮ ಮನೆಯ ಮುಂದೆ ಗುಂಡೇಟಿಗೆ ಈಡಾದರು. ಅವರಿಗೆ 55 ವರ್ಷ.

ಈ ನಾಲ್ಕರಲ್ಲಿಯೂ ಒಂದೇ ರೀತಿ ಕಾಣುತ್ತದೆ. ಬಂದವರು ಮೋಟಾರು ಸೈಕಲ್ಲಿನಲ್ಲಿ ಬಂದರು, ಹತ್ತಿರದಿಂದ ಗುಂಡಿಕ್ಕಿದರು, ಹೊರಟುಹೋದರು. ಗೌರಿಯವರ ಕೊಲೆಯ ತನಿಖೆಗಾಗಿ ಕರ್ನಾಟಕ ಸರ್ಕಾರ ರಚಿಸಿದ ವಿಶೇಷ ತಂಡವು 2018ರಲ್ಲಿ ನ್ಯಾಯಾಲಯದ ಮುಂದಿಟ್ಟ ವಿಧಿವಿಜ್ಞಾನ ವರದಿಯ ಪ್ರಕಾರ, ಕಲಬುರ್ಗಿಯವರನ್ನೂ ಗೌರಿಯವರನ್ನೂ ಕೊಂದದ್ದು 7.65 ಮಿ.ಮೀ. ಅಳತೆಯ ಒಂದೇ ನಾಡಪಿಸ್ತೂಲು. ಧಾರವಾಡದ ಬೆಳಗಿಗೂ ಬೆಂಗಳೂರಿನ ಇರುಳಿಗೂ ನಡುವೆ ಎರಡು ವರ್ಷಗಳ ಕಾಲ ಆ ಪಿಸ್ತೂಲು ಎಲ್ಲೋ ಒಂದು ಕಡೆ ಇತ್ತು; ಯಾರದೋ ಪೆಟ್ಟಿಗೆಯಲ್ಲಿ, ಯಾರದೋ ಮನೆಯಲ್ಲಿ. ಅದಕ್ಕೆ ಪರವಾನಗಿಯಿಲ್ಲ, ಯಾವ ಕಡತದಲ್ಲಿಯೂ ದಾಖಲೆಯಿಲ್ಲ. ದಾಭೋಲ್ಕರ್ ಪ್ರಕರಣದ ಆಯುಧಕ್ಕಾಗಿ ಕೇಂದ್ರೀಯ ತನಿಖಾ ದಳವು 2020ರಲ್ಲಿ ಠಾಣೆಯ ಬಳಿಯ ಖಾಡಿಯ ತಳವನ್ನು ಮುಳುಗುಗಾರರಿಂದ ಶೋಧಿಸಬೇಕಾಯಿತು. ಹುಟ್ಟು ಅಜ್ಞಾತ, ಕೊನೆ ನೀರಿನ ಪಾಲು. ಈ ಬಗೆಯ ಆಯುಧದ ಸ್ವಭಾವವೇ ಇದು.

ಬಂದೂಕಿನ ಸಂಸ್ಕೃತಿ ಎಂಬ ಮಾತು ಬಂದೊಡನೆ ನಮ್ಮ ಮನಸ್ಸು ಅಮೆರಿಕದತ್ತ ಹರಿಯುವುದು ಸಹಜ. ಮೈಕೆಲ್ ಮೂರ್ ಎಂಬ ನಿರ್ದೇಶಕರ 'ಬೌಲಿಂಗ್ ಫಾರ್ ಕೊಲಂಬೈನ್' ಎಂಬ ಸಾಕ್ಷ್ಯಚಿತ್ರ ಹೊರಬಂದದ್ದು 2002ರಲ್ಲಿ. ಮರುವರ್ಷ ಅದಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. 1999ರ ಏಪ್ರಿಲ್ 20ರಂದು ಕೊಲರಾಡೋ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಅದೇ ಶಾಲೆಯ ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಸಹಪಾಠಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಗುಂಡಿಟ್ಟು ಕೊಂದು ತಾವೂ ಸತ್ತರು. ಈ ದುರಂತವನ್ನು ಕೇಂದ್ರವಾಗಿರಿಸಿಕೊಂಡು ಮೂರ್ ಅವರು ತಮ್ಮ ದೇಶವನ್ನೇ ಪ್ರಶ್ನಿಸುತ್ತಾರೆ. ಖಾತೆ ತೆರೆದವರಿಗೆ ಉಡುಗೊರೆಯಾಗಿ ಬಂದೂಕು ಕೊಡುವ ಬ್ಯಾಂಕೊಂದರಿಂದ ಚಿತ್ರ ಆರಂಭವಾಗುತ್ತದೆ. ನಗಬೇಕೋ ಅಳಬೇಕೋ ತಿಳಿಯದ ದೃಶ್ಯ ಅದು.

ಆದರೆ ಆ ಚಿತ್ರದ ನಿಜವಾದ ಪ್ರಶ್ನೆ ಬೇರೆ. ನೆರೆಯ ಕೆನಡಾದಲ್ಲಿಯೂ ಬೇಟೆಯ ಬಂದೂಕುಗಳು ಮನೆಮನೆಗಳಲ್ಲಿವೆ. ಹಾಗಿದ್ದೂ ಅಲ್ಲಿ ಇಷ್ಟೊಂದು ಜನ ಏಕೆ ಸಾಯುವುದಿಲ್ಲ? ನಿರ್ದೇಶಕರು ಹುಡುಕುತ್ತ ಹೋಗಿ ಮುಟ್ಟುವುದು ಭಯವನ್ನು: ನೆರೆಯವನ ಭಯ, ಬೇರೆ ಬಣ್ಣದವನ ಭಯ, ಸಂಜೆಯ ದೂರದರ್ಶನ ವಾರ್ತೆ ದಿನವೂ ಉಣಬಡಿಸುವ ಭಯ. ಅವರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕಾಗಿಲ್ಲ. ಅವರ ನಿರೂಪಣೆಯ ಬಗೆಗೆ ಅಮೆರಿಕದಲ್ಲಿಯೇ ಸಾಕಷ್ಟು ಟೀಕೆಗಳು ಬಂದಿವೆ. ಆದರೂ ಒಂದು ಸಂಗತಿ ಗಮನಾರ್ಹ. ಕೊಲಂಬೈನಿನಲ್ಲಿ ಗಾಯಗೊಂಡಿದ್ದ ಇಬ್ಬರು ಹುಡುಗರನ್ನು ಕರೆದುಕೊಂಡು ಮೂರ್ ಅವರು ಕೆ-ಮಾರ್ಟ್ ಎಂಬ ದೊಡ್ಡ ಅಂಗಡಿ ಸಂಸ್ಥೆಯ ಮುಖ್ಯ ಕಚೇರಿಗೆ ಹೋಗುತ್ತಾರೆ. ಅವರ ದೇಹದೊಳಗೆ ಉಳಿದ ಗುಂಡುಗಳು ಆ ಸಂಸ್ಥೆಯ ಅಂಗಡಿಯಲ್ಲಿ ಕೊಂಡವು. ಕೈಬಂದೂಕಿನ ಗುಂಡುಗಳ ಮಾರಾಟವನ್ನು ನಿಲ್ಲಿಸುವುದಾಗಿ ಸಂಸ್ಥೆ ಘೋಷಿಸುತ್ತದೆ. ಸಾಕ್ಷ್ಯಚಿತ್ರವೊಂದು ಏನನ್ನು ಮಾಡಬಲ್ಲದು ಎಂದು ಕೇಳುವವರಿಗೆ ಇದೊಂದು ಉತ್ತರ. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿದ್ದಾರೆ. ಬಂದೂಕುಧಾರಿ ಬಂದರೆ ತರಗತಿಯಲ್ಲಿ ಹೇಗೆ ಅಡಗಿಕೊಳ್ಳಬೇಕೆಂಬುದನ್ನು ಅಲ್ಲಿನ ಎಳೆಯರು ಶಾಲೆಯಲ್ಲಿ ಅಭ್ಯಾಸ ಮಾಡುತ್ತಾರೆಂಬುದನ್ನು ಅಜ್ಜ ಅಜ್ಜಿಯರಾದ ನಾವು ದೂರವಾಣಿಯಲ್ಲಿ ಕೇಳಿ ತಳಮಳಗೊಳ್ಳುತ್ತೇವೆ.

ಕೆನಡಾದವರೆಗೆ ಹೋಗದೆ, ಮೂರ್ ಅವರ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿಯೇ ಕೇಳಿಕೊಳ್ಳಬಹುದು. ಕೊಡಗಿನಲ್ಲಿ ಕೋವಿಯು ಮನೆಯ ಒಬ್ಬ ಸದಸ್ಯನಿದ್ದಂತೆ. ಕೊಡವ ಭಾಷೆಯಲ್ಲಿ ಅದು 'ತೋಕ್'. ಇಲ್ಲಿನ ಮಲಯಾಳದ 'ತೋಕ್ಕ್' ಎಂಬುದೂ ಅದೇ ಪದ. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು: ಕಣಿವೆಯ ಆಚೆಯ ಬಂಧುಗಳಿಗೆ ಸುದ್ದಿ ಮುಟ್ಟಿಸುವ ಕ್ರಮ ಅದು. ನಾಟಿಯ ಕೆಲಸ ಮುಗಿದು ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು ಒರೆಸಿ, ತೋಕ್‌ಪೂ ಎಂಬ ಕಾಡುಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಬಳಿಕ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುತ್ತದೆ. ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರಂಥ ದಂಡನಾಯಕರನ್ನು ಕೊಟ್ಟ ನಾಡಿನ ಪರಂಪರೆ ಇದು.

ಈ ಪರಂಪರೆಗೆ ಕಾನೂನಿನ ಮುದ್ರೆಯೂ ಇದೆ. 1857ರ ದಂಗೆಯ ಬಳಿಕ ಬ್ರಿಟಿಷರು ದೇಶದ ಜನರನ್ನೆಲ್ಲ ನಿರಾಯುಧರನ್ನಾಗಿ ಮಾಡಲು ಹೊರಟಾಗ, ಮೈಸೂರು ಹಾಗೂ ಕೊಡಗಿನ ಆಡಳಿತದ ಹೊಣೆ ಹೊತ್ತಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ಇತ್ತನು. ಸ್ವಾತಂತ್ರ್ಯದ ಬಳಿಕ 1959ರ ಶಸ್ತ್ರಾಸ್ತ್ರ ಕಾಯಿದೆ ಬಂದಾಗಲೂ ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿಯಿತು. ಕೇಂದ್ರ ಸರ್ಕಾರವು 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು. ಜಾತಿ ಮತ್ತು ಭೂಮಿಯ ಆಧಾರದ ಮೇಲೆ ಇಂಥ ರಿಯಾಯಿತಿ ಸಲ್ಲದೆಂದು ಹೂಡಲಾದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ವಜಾಮಾಡಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಸಮಾನತೆಯ ದೃಷ್ಟಿಯಿಂದ ಈ ರಿಯಾಯಿತಿಯನ್ನು ಪ್ರಶ್ನಿಸುವವರು ಇಂದೂ ಇದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಕೊಡಗಿನ ಕೋವಿಯಿಂದ ಎಂದೂ ಅನಾಹುತವಾಗಿಲ್ಲವೆಂದು ಹೇಳುವುದೂ ಸತ್ಯಕ್ಕೆ ದೂರ. ಬೇಟೆಯಲ್ಲಿ ಗುರಿ ತಪ್ಪಿದ್ದುಂಟು, ಆಸ್ತಿಯ ಜಗಳದಲ್ಲಿ ದಾಯಾದಿಯ ಕಡೆಗೆ ನಳಿಕೆ ತಿರುಗಿದ್ದೂ ಉಂಟು. ದಕ್ಷಿಣ ಕನ್ನಡ, ಕಾಸರಗೋಡುಗಳ ತೋಟಗಳಲ್ಲಿ ಹಂದಿ ಮಂಗಗಳಿಂದ ಬೆಳೆಯನ್ನು ಕಾಯಲು ಪರವಾನಗಿ ಪಡೆದ ಕೋವಿಗಳ ಕಥೆಯೂ ಇದೇ.

ಆದರೂ ಗೋಡೆಯ ಕೋವಿಗೂ ಜೇಬಿನ ಪಿಸ್ತೂಲಿಗೂ ಒಂದು ಮೂಲಭೂತವಾದ ಅಂತರವಿದೆ. ಗೋಡೆಯ ಕೋವಿ ಎಲ್ಲರ ಕಣ್ಣಿಗೂ ಬೀಳುವಂಥದು. ಅದು ಯಾವ ಮನೆತನದ್ದೆಂದು ಊರಿಗೆ ಗೊತ್ತು, ಜಿಲ್ಲಾಡಳಿತಕ್ಕೂ ಗೊತ್ತು. ಅದು ಸಿಡಿದರೆ ಯಾರು ಸಿಡಿಸಿದರು, ಏಕೆ ಸಿಡಿಸಿದರು ಎಂಬುದಕ್ಕೆ ಒಂದು ಮನೆತನ ಉತ್ತರ ಕೊಡಬೇಕಾಗುತ್ತದೆ. ಮನೆಯ ಹಿರಿಯನ ಮಾತು, ನೆರೆಹೊರೆಯ ನಾಚಿಕೆ, ಹಬ್ಬದ ಕಟ್ಟುಪಾಡು ಎಲ್ಲವೂ ಅದರ ಕುದುರೆಯ ಮೇಲೆ ಇಟ್ಟ ಬೆರಳನ್ನು ಹಿಡಿದು ನಿಲ್ಲಿಸುತ್ತವೆ. ಜೇಬಿನ ಪಿಸ್ತೂಲಿಗೆ ಇವು ಯಾವುವೂ ಇಲ್ಲ. ಅದು ತನ್ನ ಒಡೆಯನ ಹೆಸರನ್ನು ಹೇಳದು, ಎದುರಾಳಿಯ ಮುಖವನ್ನು ನೋಡಿ ಮಾತನಾಡದು. ಆದುದರಿಂದ ಒಂದು ಸಮಾಜದಲ್ಲಿ ಬಂದೂಕುಗಳು ಎಷ್ಟಿವೆ ಎಂದು ಎಣಿಸಿದರೆ ಸಾಲದು. ಅವು ಯಾರಿಗೆ ಉತ್ತರ ಹೇಳಬೇಕಾಗಿದೆ, ಅವನ್ನು ಕೈಗೆತ್ತಿಕೊಳ್ಳುವ ಧೈರ್ಯವನ್ನು ಕೊಟ್ಟವರು ಯಾರು ಎಂದು ಕೇಳಬೇಕು.

ಧೈರ್ಯವನ್ನು ಕೊಡುವುದು ಮಾತು. ಪಿಸ್ತೂಲು ಕಡೆಯಲ್ಲಿ ಬರುತ್ತದೆ. ಅದಕ್ಕೆ ಮುಂಚೆ ಎಷ್ಟೋ ವರ್ಷಗಳ ಕಾಲ ಮಾತು ಬಂದಿರುತ್ತದೆ. ಕಲಬುರ್ಗಿಯವರ ಬಾಳೇ ಇದಕ್ಕೆ ನಿದರ್ಶನ. 'ಮಾರ್ಗ' ಸಂಪುಟದಲ್ಲಿ ಬಸವಣ್ಣನವರ ಕುಟುಂಬದ ಬಗೆಗೆ ಅವರು ಮಂಡಿಸಿದ ಕೆಲವು ಸಂಶೋಧನಾತ್ಮಕ ವಿಚಾರಗಳು 1989ರಲ್ಲಿ ದೊಡ್ಡ ವಿವಾದವನ್ನೆಬ್ಬಿಸಿದುವು. ಒತ್ತಡಕ್ಕೆ ಮಣಿದು ಅವರು ಬರೆದುದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕನ್ನಡದ ವಿದ್ವತ್ ಲೋಕಕ್ಕೆ ಅಂದು ಒದಗಿದ್ದು ಸಣ್ಣ ಅವಮಾನವಲ್ಲ. ಆದರೆ ಅದನ್ನು ಅವಮಾನವೆಂದು ಗುರುತಿಸಿದವರು ಕೆಲವರು ಮಾತ್ರ. 2014ರಲ್ಲಿ ವಿಗ್ರಹಾರಾಧನೆಯ ಬಗೆಗೆ ಅವರಾಡಿದ ಮಾತಿನಿಂದ ಮತ್ತೆ ಪ್ರತಿಭಟನೆಗಳು ಎದ್ದಾಗ ಅವರ ಮನೆಗೆ ಪೊಲೀಸ್ ಕಾವಲು ಒದಗಿಸಲಾಗಿತ್ತು. ಮುಂದೆ ಅವರದೇ ಕೋರಿಕೆಯ ಮೇರೆಗೆ ಅದು ತೆರವಾಯಿತು. 1989ರಲ್ಲಿ ವಿದ್ವಾಂಸನ ಲೇಖನಿಯನ್ನು ಕಿತ್ತುಕೊಂಡಾಗ ಸುಮ್ಮನಿದ್ದ ಸಮಾಜವು 2015ರಲ್ಲಿ ಅವನ ಪ್ರಾಣವನ್ನೇ ಕಿತ್ತುಕೊಂಡಾಗ ಬೆಚ್ಚಿಬಿದ್ದಿತು. ಆ ಇಪ್ಪತ್ತಾರು ವರ್ಷಗಳ ಅಂತರದಲ್ಲಿ ನಾವೆಲ್ಲರೂ ಇದ್ದೆವು.

ಬಂದೂಕಿಲ್ಲದ ಮಾತ್ರಕ್ಕೆ ಹಿಂಸೆ ಇಲ್ಲವಾಗುವುದಿಲ್ಲ ಎಂಬುದಕ್ಕೆ ನಮಗೆ ಆಶ್ರಯವಿತ್ತ ಈ ಕೇರಳವೇ ಸಾಕ್ಷಿ. ಇಲ್ಲಿನ ರಾಜಕೀಯ ದ್ವೇಷದ ಕೊಲೆಗಳಲ್ಲಿ ಪಿಸ್ತೂಲಿಗಿಂತ ಕತ್ತಿಯೂ ನಾಡಬಾಂಬೂ ಹೆಚ್ಚು ಬಳಕೆಯಾಗಿವೆ. 2012ರ ಮೇ 4ರಂದು ವಡಗರದ ಬಳಿ ಟಿ. ಪಿ. ಚಂದ್ರಶೇಖರನ್ ಎಂಬ ರಾಜಕೀಯ ನಾಯಕನ ದೇಹದ ಮೇಲೆ ಬಿದ್ದ 51 ಗಾಯಗಳನ್ನು ಮಲಯಾಳಿಗಳು ಇಂದಿಗೂ ಮರೆತಿಲ್ಲ. ಆದರೆ ಈ ನಾಡಿನಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಕೇರಳದಲ್ಲಿ ಇಂಥ ಕೊಲೆಗಳ ಬಗೆಗೆ ಚಹಾದಂಗಡಿಯಿಂದ ವಿಶ್ವವಿದ್ಯಾಲಯದವರೆಗೆ ಬಹಿರಂಗವಾಗಿ ವಾದ ನಡೆಯುತ್ತದೆ. ಸತ್ತವನ ಪಕ್ಷದವರೂ ಕೊಂದವರ ಪಕ್ಷದವರೂ ಜನರ ಮುಂದೆ ಉತ್ತರ ಹೇಳಬೇಕಾಗುತ್ತದೆ. ಕಲಬುರ್ಗಿಯವರು ಹತರಾದಾಗ ಸಾಹಿತ್ಯ ಅಕಾಡೆಮಿ ತಕ್ಕ ದನಿಯೆತ್ತಲಿಲ್ಲವೆಂದು 2015ರ ಅಕ್ಟೋಬರಿನಲ್ಲಿ ಸಾರಾ ಜೋಸೆಫ್ ಅವರು ತಮ್ಮ ಪ್ರಶಸ್ತಿಯನ್ನು ಮರಳಿಸಿದರು, ಕೆ. ಸಚ್ಚಿದಾನಂದನ್ ಅವರು ಅಕಾಡೆಮಿಯಲ್ಲಿ ತಾವು ವಹಿಸಿದ್ದ ಸ್ಥಾನಗಳಿಗೆ ರಾಜೀನಾಮೆ ಇತ್ತರು. ಪ್ರಶಸ್ತಿ ಮರಳಿಸುವುದು ಸರಿಯಾದ ಕ್ರಮವೇ ಎಂಬ ಬಗೆಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಕನ್ನಡದ ಒಬ್ಬ ಸಂಶೋಧಕನಿಗಾಗಿ ಮಲಯಾಳದ ಲೇಖಕರು ಏನನ್ನೋ ಕಳೆದುಕೊಳ್ಳಲು ಸಿದ್ಧರಾದರು ಎಂಬುದನ್ನು ಇಲ್ಲಿ ನೆಲೆಸಿದ ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಡವೇ?

ಈಗ ಮೊದಲನೆಯ ಆಕ್ಷೇಪಕ್ಕೆ ಬರೋಣ. ಸಂಘವಿರುವುದು ಸಂಸ್ಕೃತಿಗಾಗಿ ಎಂಬ ಮಾತು ಸರಿಯಾದದ್ದೇ. ಹಾಗಾದರೆ ಕಲಬುರ್ಗಿಯವರು ಯಾರು? ಶಾಸನಗಳನ್ನು ಓದಿದವರು, ಹಸ್ತಪ್ರತಿಗಳನ್ನು ಜೋಡಿಸಿದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, ಸಮಗ್ರ ವಚನ ಸಾಹಿತ್ಯದ ಸಂಪುಟಗಳು ಜನರ ಕೈಗೆಟುಕುವಂತೆ ಮಾಡುವ ಕಾರ್ಯದಲ್ಲಿ ಮುಂಚೂಣಿಯಲ್ಲಿ ನಿಂತವರು, 'ಮಾರ್ಗ 4' ಕೃತಿಗೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ರಾಜ್ಯೋತ್ಸವದ ವೇದಿಕೆಯಲ್ಲಿ ನಮ್ಮ ಮಕ್ಕಳಿಂದ ವಚನಗಳನ್ನು ಹಾಡಿಸಿ ಚಪ್ಪಾಳೆ ತಟ್ಟುವ ನಾವು, ಆ ವಚನಗಳನ್ನು ಶೋಧಿಸಿ ಶುದ್ಧಪಾಠ ಸಿದ್ಧಪಡಿಸಿದ ವಿದ್ವಾಂಸನ ಹಣೆಗೆ ಗುಂಡು ಬಿದ್ದದ್ದು ರಾಜಕಾರಣವೆಂದು ಬದಿಗಿಡಬಹುದೇ? ಹನ್ನೆರಡನೆಯ ಶತಮಾನದ ಶರಣರು ತಮ್ಮ ಕಾಲದ ಆಚಾರಗಳನ್ನು ಪ್ರಶ್ನಿಸಿದ್ದನ್ನು ಸಂಸ್ಕೃತಿಯೆಂದೂ, ಇಪ್ಪತ್ತೊಂದನೆಯ ಶತಮಾನದಲ್ಲಿ ಅದೇ ಕೆಲಸ ಮಾಡಿದವರದ್ದು ವಿವಾದವೆಂದೂ ವಿಂಗಡಿಸುವುದು ನಮಗೆ ಅನುಕೂಲವಾಗಬಹುದು, ನ್ಯಾಯವೆನಿಸದು.

ಎರಡನೆಯ ಆಕ್ಷೇಪ ಒಗ್ಗಟ್ಟಿನದು. ನಮ್ಮ ಸದಸ್ಯರಲ್ಲಿ ಎಲ್ಲ ಮತದವರೂ ಎಲ್ಲ ಪಕ್ಷದವರೂ ಇದ್ದಾರೆ. ಗೌರಿ ಲಂಕೇಶರ ಬರವಣಿಗೆಯನ್ನು ಮೆಚ್ಚಿದವರಿದ್ದಾರೆ, ಅದರ ಕಟುತ್ವವನ್ನು ಸಹಿಸದವರೂ ಇದ್ದಾರೆ. ಯಾರೂ ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಡಬೇಕೆಂದು ನಾವು ಕೇಳುತ್ತಿಲ್ಲ. ಗೌರಿಯವರು ಪ್ರಕಟಿಸಿದ ಲೇಖನವೊಂದರಿಂದ ತಮ್ಮ ಮಾನಕ್ಕೆ ಧಕ್ಕೆಯಾಯಿತೆಂದು ಭಾವಿಸಿದವರು ನ್ಯಾಯಾಲಯಕ್ಕೆ ಹೋದರು. 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯವು ಅವರಿಗೆ ಆರು ತಿಂಗಳ ಸೆರೆವಾಸವನ್ನು ವಿಧಿಸಿತು. ಮೇಲ್ಮನವಿಗೆ ಅವಕಾಶವಿತ್ತು, ಜಾಮೀನು ದೊರೆಯಿತು. ಅಸಮ್ಮತಿಗೆ ನಾಗರಿಕ ಸಮಾಜ ಕಲ್ಪಿಸಿರುವ ದಾರಿ ಅದು: ಪ್ರತಿವಾದ, ಖಂಡನೆ, ಮೊಕದ್ದಮೆ, ಮೇಲ್ಮನವಿ. ಹುಬ್ಬಳ್ಳಿಯ ನ್ಯಾಯಾಲಯದಲ್ಲಿ ಗೌರಿಯವರಿಗೆ ತಮ್ಮ ಮಾತನ್ನು ಹೇಳಲು ಅವಕಾಶವಿತ್ತು. ಹತ್ತು ತಿಂಗಳ ನಂತರ ಅವರ ಮನೆಯ ಮುಂದೆ ನಿಂತವನು ಅವರಿಂದ ಯಾವ ಉತ್ತರವನ್ನೂ ಬಯಸಿರಲಿಲ್ಲ. ಭಿನ್ನಾಭಿಪ್ರಾಯವುಳ್ಳವರೆಲ್ಲರೂ ಒಂದಾಗಿ ನಿಲ್ಲಬಹುದಾದ ನೆಲ ಯಾವುದಾದರೂ ಇದ್ದರೆ ಅದು ಇದೇ. ಈ ನೆಲದ ಮೇಲೂ ಒಂದಾಗಲಾರದ ಒಗ್ಗಟ್ಟು ಬರಿಯ ಪಾನಕ ಕೋಸಂಬರಿಯ ಒಗ್ಗಟ್ಟಾದೀತು.

ನಮ್ಮಲ್ಲಿ ಬಹುಮಂದಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಸಂಶೋಧನಾ ಕೇಂದ್ರಗಳಲ್ಲಿ ದುಡಿಯುವವರು, ಇಲ್ಲವೇ ದುಡಿದು ನಿವೃತ್ತರಾದವರು. ನಡತೆಯ ನಿಯಮಗಳ ಅರಿವು ನಮಗೆ ಚೆನ್ನಾಗಿಯೇ ಇದೆ. ರಾಜಕೀಯ ಪಕ್ಷಗಳಿಂದ ದೂರವಿರುವುದು ನಮ್ಮ ಕರ್ತವ್ಯ. ಆದರೆ 1976ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ ಮತ್ತು ಸುಧಾರಣೆಯ ಪ್ರವೃತ್ತಿಯನ್ನು ಬೆಳೆಸುವುದೂ ಒಂದು ಎಂಬುದನ್ನು ಮರೆಯಬಾರದು. ದಾಭೋಲ್ಕರ್ ಅವರು ಹದಿನೆಂಟು ವರ್ಷಗಳ ಕಾಲ ಬೇಡಿದ ಮೂಢನಂಬಿಕೆ ವಿರೋಧಿ ಕಾನೂನು ಅವರ ಸಾವಿನ ಬಳಿಕ, 2013ರಲ್ಲಿಯೇ, ಮಹಾರಾಷ್ಟ್ರದಲ್ಲಿ ಬಂದಿತು. ಕರ್ನಾಟಕದ ವಿಧಾನಮಂಡಲವು 2017ರಲ್ಲಿ ಅಂಥದೇ ಕಾಯಿದೆಯನ್ನು ಅಂಗೀಕರಿಸಿ, ಅದು 2020ರಲ್ಲಿ ಜಾರಿಗೆ ಬಂದಿತು. ಶಾಸನಸಭೆಗಳೇ ಒಪ್ಪಿದ ವಿಚಾರವನ್ನು ಸಂಘದ ಸಭಾಂಗಣದಲ್ಲಿ ಚರ್ಚಿಸಲು ಹಿಂಜರಿಯಬೇಕಾಗಿಲ್ಲ.

ನ್ಯಾಯದ ಗತಿ ನಿಧಾನ. ದಾಭೋಲ್ಕರ್ ಪ್ರಕರಣದಲ್ಲಿ ಪುಣೆಯ ವಿಶೇಷ ನ್ಯಾಯಾಲಯವು 2024ರ ಮೇ 10ರಂದು ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ, ಉಳಿದ ಮೂವರನ್ನು ಬಿಡುಗಡೆ ಮಾಡಿತು. ಹಿಂದೆ ನಿಂತು ಪ್ರೇರಿಸಿದವರು ಯಾರೆಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಗೌರಿಯವರ ಪ್ರಕರಣದ ಸಾಕ್ಷಿ ವಿಚಾರಣೆ ಆರಂಭವಾಗಲು ಐದು ವರ್ಷಗಳು ಬೇಕಾದುವು. ಅದು ತೊಡಗಿದ್ದು 2022ರ ಜುಲೈನಲ್ಲಿ. ಆರೋಪಿಗಳು ತಪ್ಪಿತಸ್ಥರೇ ಅಲ್ಲವೇ ಎಂಬುದನ್ನು ನ್ಯಾಯಾಲಯಗಳು ನಿರ್ಣಯಿಸಬೇಕು; ಅದು ಪತ್ರಿಕೆಯ ಕೆಲಸವಲ್ಲ, ಸಂಘದ ಕೆಲಸವೂ ಅಲ್ಲ. ಆದರೆ ಇಷ್ಟು ದೀರ್ಘಕಾಲದ ದಾರಿಯಲ್ಲಿ ಜನರ ನೆನಪು ಸವೆದುಹೋಗುತ್ತದೆ. ಸಾಕ್ಷಿಗಳು ಮುದುಕರಾಗುತ್ತಾರೆ, ವೃತ್ತಪತ್ರಿಕೆಗಳು ಹೊಸ ಸುದ್ದಿಗಳತ್ತ ಹೊರಳುತ್ತವೆ. ಸಾಕ್ಷ್ಯಚಿತ್ರ ಎಂಬ ಹೆಸರಿನಲ್ಲಿಯೇ ಅದರ ಧರ್ಮ ಅಡಗಿದೆ. ಅದು ತೀರ್ಪು ನೀಡಬೇಕಾಗಿಲ್ಲ, ಸಾಕ್ಷ್ಯವನ್ನು ಕಾಪಾಡಿದರೆ ಸಾಕು. ಗೌರಿಯವರ ಸಹೋದರಿ ಕವಿತಾ ಲಂಕೇಶರೂ 'ಗೌರಿ' ಎಂಬ ಸಾಕ್ಷ್ಯಚಿತ್ರವನ್ನು ನಿರ್ಮಿಸಿರುವುದು ಇದೇ ಹಂಬಲದಿಂದ ಎಂದು ಭಾವಿಸಬಹುದು.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಾವು ಒಂದು ಸಲಹೆಯನ್ನು ವಿನಮ್ರವಾಗಿ ಇಡುತ್ತೇವೆ. ಪ್ರತಿ ವರ್ಷ ಆಗಸ್ಟ್ 30ಕ್ಕೆ ಸಮೀಪದ ಭಾನುವಾರದಂದು ಒಂದು ದಿನದ ಕೂಟವನ್ನು ಏರ್ಪಡಿಸೋಣ. ಬೆಳಿಗ್ಗೆ ಕಲಬುರ್ಗಿಯವರ ಸಂಶೋಧನಾ ಲೇಖನವೊಂದರ ವಾಚನ ಮತ್ತು ವಿಮರ್ಶೆ ನಡೆಯಲಿ. ಅವರ ನಿರ್ಣಯಗಳನ್ನು ಒಪ್ಪದ ವಿದ್ವಾಂಸರನ್ನೂ ಕರೆಯೋಣ, ಅವರೇ ಮೊದಲು ಮಾತನಾಡಲಿ. ಮಧ್ಯಾಹ್ನ ಕಾನೂನಿನ ಅಗತ್ಯಗಳನ್ನೆಲ್ಲ ಪೂರೈಸಿ ಒಂದು ಸಾಕ್ಷ್ಯಚಿತ್ರವನ್ನು ತೋರಿಸೋಣ: ಒಂದು ವರ್ಷ ಅಮೆರಿಕದ ಬಂದೂಕಿನ ಕಥೆ, ಇನ್ನೊಂದು ವರ್ಷ ನಮ್ಮ ನಾಡಿನದು. ಕೊಡಗಿನ ಮೂಲದ ನಮ್ಮ ಸದಸ್ಯರು ತಮ್ಮ ಮನೆಯ ಕೋವಿಯ ಬಗೆಗೆ, ಅದರ ಸುತ್ತಲಿನ ಕಟ್ಟುಪಾಡುಗಳ ಬಗೆಗೆ ಹೇಳಲಿ. ಮಲಯಾಳಿ ಮಿತ್ರರಿಗೂ ಆಹ್ವಾನವಿರಲಿ. ಎರ್ನಾಕುಳಂ, ಕಾಸರಗೋಡುಗಳ ಕನ್ನಡಿಗರೂ ಬರಲಿ. ವಾದ ನಡೆಯಲಿ, ಧ್ವನಿ ಏರಿದರೂ ಚಿಂತೆಯಿಲ್ಲ. ವಾದ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡೋಣ.

ಇದನ್ನು ವಿರೋಧಿಸುವ ಸದಸ್ಯರ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಮೊದಲ ಸ್ಥಾನ ಕಾದಿರಿಸಿದ್ದೇವೆ. ಅವನ್ನು ಒಂದಕ್ಷರವೂ ಕತ್ತರಿಸದೆ ಪ್ರಕಟಿಸುವುದು ನಮ್ಮ ಹೊಣೆ. ಅಕ್ಷರಕ್ಕೆ ಅಕ್ಷರದಿಂದಲೇ ಉತ್ತರ ದೊರೆಯುವ ಒಂದು ಸಣ್ಣ ಜಾಗವನ್ನಾದರೂ, ತಾಯ್ನಾಡಿನಿಂದ ಇಷ್ಟು ದೂರದಲ್ಲಿ, ಕನ್ನಡದ ಹೆಸರಿನಲ್ಲಿ ನಾವು ಉಳಿಸಿಕೊಳ್ಳಬಲ್ಲೆವು. ನಿಮ್ಮ ಪತ್ರಗಳ ನಿರೀಕ್ಷೆಯಲ್ಲಿದ್ದೇವೆ.

— ಸಂಪಾದಕ